ಅಜ್ಜಿಯ ಮುತ್ತು, ತಾಳಿಯ ಹವಳ: ಮನೆಯಲ್ಲಿಯೇ ಆರೈಕೆ

ದೀಪಾವಳಿ ಸಮೀಪಿಸಿತೆಂದರೆ ನಾರಾಯಣಪೇಟೆ, ಮಕ್ತಲ, ಗದ್ವಾಲ ಕಡೆಯ ನಮ್ಮ ಮನೆಗಳಲ್ಲಿ ಹಿತ್ತಾಳೆಯ ಪಾತ್ರೆಗಳೊಂದಿಗೆ ಪೆಟ್ಟಿಗೆಯ ಒಡವೆಗಳೂ ಹೊರಬರುತ್ತವೆ. ಹುಣಸೆಹಣ್ಣು, ನಿಂಬೆಹಣ್ಣು, ಅಂಟುವಾಳದ ನೊರೆ ಸಿದ್ಧವಾಗುತ್ತವೆ. ಹಿತ್ತಾಳೆಗೆ ಹುಣಸೆ ಸರಿ. ಕಲ್ಲಿಲ್ಲದ ಅಪ್ಪಟ ಚಿನ್ನಕ್ಕೆ ಅಂಟುವಾಳವೂ ಸರಿ. ಆದರೆ ಅಜ್ಜಿಯ ಮುತ್ತಿನ ನತ್ತನ್ನೂ ತಾಳಿಯ ಹವಳವನ್ನೂ ಅದೇ ಹುಳಿಯಲ್ಲಿ ಅದ್ದುವ ರೂಢಿಯೊಂದು ಕೆಲವೆಡೆ ಉಂಟು. ಅದನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯವೆನಿಸಿದೆ.

ನವರತ್ನಗಳ ಪಂಕ್ತಿಯಲ್ಲಿ ಕುಳಿತಿರುವುದರಿಂದ ಮುತ್ತು ಹವಳಗಳನ್ನು ನಾವು ಕಲ್ಲುಗಳೆಂದೇ ಭಾವಿಸುತ್ತೇವೆ. ವಾಸ್ತವವಾಗಿ ಇವೆರಡೂ ಜಲಜೀವಿಗಳು ಕಟ್ಟಿದ ಸುಣ್ಣ. ಸಿಂಪಿನೊಳಗಿನ ಜೀವಿಯು ಪದರದ ಮೇಲೆ ಪದರವಾಗಿ ಲೇಪಿಸಿದ್ದು ಮುತ್ತು. ಸಮುದ್ರತಳದ ಪುಟ್ಟ ಪ್ರಾಣಿಗಳ ಗೂಡೇ ಹವಳ. ರಸಾಯನಶಾಸ್ತ್ರವು ಇದನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಎನ್ನುತ್ತದೆ. ನಮ್ಮ ಅಡುಗೆಮನೆಗೆ ಹಾಸಿದ ತಾಂಡೂರು, ಶಹಾಬಾದ್ ಪರಸಿಯಲ್ಲಿಯೂ ಬಹುಪಾಲು ಅದೇ ವಸ್ತು. ಆ ಪರಸಿಯ ಮೇಲೆ ಹುಣಸೆಯ ಹುಳಿ ಬಿದ್ದು ಒಂದು ರಾತ್ರಿ ಉಳಿದರೆ, ಮರುದಿನ ಎಷ್ಟು ತಿಕ್ಕಿದರೂ ಹೋಗದ ಮಂಕು ಕಲೆ ಬೀಳುವುದನ್ನು ಗೃಹಿಣಿಯರು ಬಲ್ಲರು. ಆಮ್ಲದ ಪಾಠ ಹೇಳುವಾಗ ಉಪಾಧ್ಯಾಯರು ಸುಣ್ಣಕಲ್ಲಿನ ಪುಡಿಯ ಮೇಲೆ ನಿಂಬೆರಸ ಹಿಂಡಿ, ಏಳುವ ಗುಳ್ಳೆಗಳನ್ನು ಮಕ್ಕಳಿಗೆ ತೋರಿಸುವುದುಂಟು. ಮುತ್ತಿನ ಮೇಲೆ ನಡೆಯುವುದೂ ಅದೇ ಕ್ರಿಯೆ. ಕೊಳೆಯೊಡನೆ ಕಾಂತಿಯ ಪದರವೂ ಕರಗುತ್ತದೆ. ಕರಗಿದ ಪದರವನ್ನು ಯಾವ ಅಕ್ಕಸಾಲಿಗನೂ ಮರಳಿ ತರಲಾರ. ಹಲ್ಲುಪುಡಿ, ಟೂತ್‌ಪೇಸ್ಟ್, ಅಡುಗೆ ಸೋಡ ಇವೂ ಬೇಡ. ಇವು ಮುತ್ತಿನ ಮೈಯನ್ನು ಗೀರುತ್ತವೆ.

ಇಷ್ಟು ಎಚ್ಚರ ಏಕೆಂದರೆ ಹಳೆಯ ಮುತ್ತಿಗೆ ಪ್ರತಿಯಿಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಸೀಮೆಯವರಿಗೆ ಚಾರ್‌ಮಿನಾರ್ ಬಳಿಯ ಪತ್ತರ್‌ಗಟ್ಟಿಯ ಮುತ್ತಿನ ಅಂಗಡಿಗಳು ಅಪರಿಚಿತವಲ್ಲ. ಹಿಂದೆ ಅಲ್ಲಿ ಹೆಸರಾಗಿದ್ದುದು ಪರ್ಷಿಯನ್ ಕೊಲ್ಲಿಯಲ್ಲಿ ಮುಳುಗುಗಾರರು ತೆಗೆಯುತ್ತಿದ್ದ ಬಸ್ರಾ ಮುತ್ತು. ಜಪಾನಿನ ಮಿಕಿಮೊಟೊ 1893ರಲ್ಲಿ ಸಿಂಪಿನೊಳಗೆ ಅರೆಮುತ್ತನ್ನು ಬೆಳೆಸಿ ತೋರಿಸಿದ. 1930ರ ದಶಕದಲ್ಲಿ ಕೃಷಿಮುತ್ತು ಪೇಟೆಯನ್ನು ತುಂಬಿ, ಕೊಲ್ಲಿಯ ಮುತ್ತಿನ ಉದ್ಯಮ ಕುಸಿಯಿತು. ಆದ್ದರಿಂದ ಮುತ್ತಜ್ಜಿಯ ಕಾಲದ ಒಡವೆಯಲ್ಲಿರುವ ಸಣ್ಣ, ಸೊಟ್ಟ, ತುಸು ಹಳದಿಯಾದ ಮುತ್ತು ಸಹಜಮುತ್ತೇ ಆಗಿರುವ ಸಂಭವವುಂಟು. ಹಲ್ಲಿಗೆ ತಿಕ್ಕಿದಾಗ ಗರಗರ ಎಂದರೆ ಅದು ಗಾಜಿನದಲ್ಲವೆಂದಷ್ಟೇ ತಿಳಿಯುತ್ತದೆ. ಸಹಜವೋ ಕೃಷಿಯದೋ ಎಂಬುದನ್ನು ನಿಶ್ಚಯಿಸಲು ಪ್ರಯೋಗಾಲಯದ ಕ್ಷ-ಕಿರಣ ಪರೀಕ್ಷೆ ಬೇಕು. ಹಳದಿ ಬಣ್ಣ ವಯಸ್ಸಿನದು. ಅದನ್ನು ಬಿಳುಪು ಮಾಡಹೋಗಬಾರದು.

ಹಾಗಾದರೆ ಶುಚಿಮಾಡುವ ಬಗೆ ಹೇಗೆ? ಮೃದುವಾದ ಹಳೆಯ ಧೋತರದ ತುಂಡನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಂದೊಂದೇ ಮಣಿಯನ್ನು ಒರೆಸಬೇಕು. ಜಿಡ್ಡು ಬಹಳವಿದ್ದರೆ ಆ ನೀರಿಗೆ ಸೌಮ್ಯವಾದ ಸಾಬೂನಿನ ಒಂದೆರಡು ಹನಿ ಸಾಕು. ಸರವನ್ನು ನೆನೆಹಾಕಬಾರದು, ರೇಷ್ಮೆಯ ದಾರ ನೀರು ಹೀರಿ ಹಿಗ್ಗುತ್ತದೆ, ಕೊಳೆ ರಂಧ್ರದೊಳಕ್ಕೆ ಸೇರುತ್ತದೆ. ಒರೆಸಿದ ಸರವನ್ನು ತೂಗುಹಾಕದೆ ಬಟ್ಟೆಯ ಮೇಲೆ ಉದ್ದಕ್ಕೆ ಮಲಗಿಸಿ ರಾತ್ರಿಯೆಲ್ಲ ನೆರಳಿನಲ್ಲಿ ಆರಿಸಬೇಕು. ದಾರ ಸಡಿಲವಾಗಿದ್ದರೆ ಪಟವೇಗಾರರ ಬಳಿ ಮತ್ತೆ ಪೋಣಿಸಿಕೊಳ್ಳುವುದು ಲೇಸು. ಎರಡು ಮುತ್ತುಗಳ ನಡುವೆ ಗಂಟು ಇರಲೆಂದು ಕೇಳಿರಿ. ಗಂಟಿದ್ದರೆ ಮಣಿಗಳು ಒಂದನ್ನೊಂದು ಉಜ್ಜುವುದಿಲ್ಲ, ದಾರ ತುಂಡಾದರೂ ಉದುರುವುದು ಒಂದೇ.

ಟೊಳ್ಳು ಒಡವೆಗಳ ವಿಷಯ ಬೇರೆ. ಹಳೆಯ ಪದಕ, ಬಳೆಗಳ ಹೊಟ್ಟೆಯಲ್ಲಿ ಅರಗು ತುಂಬಿರುತ್ತದೆ. ಕುಂದಣದ ಕಲ್ಲಿನ ಹಿಂದೆ ಹೊಳೆಯುವ ತಗಡಿರುತ್ತದೆ. ಬಿಸಿನೀರಿಗೆ ಅರಗು ಮೆತ್ತಗಾಗುತ್ತದೆ, ತಗಡಿಗೆ ನೀರು ಸೋಕಿದರೆ ಕಲ್ಲು ಕಪ್ಪಾಗಿ ಕಾಣುತ್ತದೆ. ಇವುಗಳಿಗೆ ಒಣಬಟ್ಟೆಯೊಂದೇ ಗತಿ.

ಶುಕ್ರನ ಹೆಸರಿನಲ್ಲಿ ಇತ್ತೀಚೆಗೆ ಹಲವರು ಧರಿಸುವ ಓಪಲ್ ಉಂಗುರವೂ ಇದೇ ನಾಜೂಕಿನ ಜಾತಿಯದು. ಅದು ಸುಣ್ಣವಲ್ಲ, ನೀರನ್ನು ಗರ್ಭದಲ್ಲಿಟ್ಟುಕೊಂಡ ಸಿಲಿಕ. ಒಲೆಯ ಝಳಕ್ಕೂ ಥಟ್ಟನೆ ಬದಲಾಗುವ ಶಾಖಕ್ಕೂ ಬಿರುಕುಬಿಡುತ್ತದೆ. ಎಣ್ಣೆ ಸವರಿದರೆ ಪೋಷಣೆಯಾಗುವುದಿಲ್ಲ, ಧೂಳು ಕೂರುತ್ತದೆ. ಅಗ್ಗದ ಉಂಗುರಗಳಲ್ಲಿ ತೆಳುವಾದ ಓಪಲನ್ನು ಕಪ್ಪು ಹಲ್ಲೆಗೆ ಅಂಟಿಸಿರುವುದೂ ಉಂಟು. ಅಂಥದನ್ನು ನೀರಿನಲ್ಲಿಟ್ಟರೆ ಅಂಟು ಬಿಡುತ್ತದೆ.

ಧರಿಸುವಾಗ ಅರಿಶಿನ, ತಲೆಯೆಣ್ಣೆ, ಅತ್ತರು ಎಲ್ಲ ಮುಗಿದ ಮೇಲೆ ಮುತ್ತು. ಬಿಚ್ಚುವಾಗ ಮೊದಲು ಮುತ್ತು. ಬೆವರೂ ತುಸು ಹುಳಿಯೇ ಆದುದರಿಂದ ಬಿಚ್ಚಿದೊಡನೆ ಒರೆಸಿ, ಚಿನ್ನದ ಬಳೆಗಳಿಗೆ ಉಜ್ಜದಂತೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬ್ಯಾಂಕಿನ ಲಾಕರಿನಲ್ಲಿ ವರ್ಷಗಟ್ಟಲೆ ಇಟ್ಟ ಮುತ್ತು ಒಣಗಿ ಬಿರಿಯುವುದುಂಟು. ಮದುವೆ, ಸೀಮಂತಗಳಿಗಾದರೂ ತೆಗೆದು ಧರಿಸುವುದು ಅದಕ್ಕೇ ಹಿತ.

ಒಡವೆಯನ್ನು ಮುರಿಸಿ ಹೊಸದು ಮಾಡಿಸುವ ಪ್ರಸಂಗ ಬಂದರೆ, ಬೆಸುಗೆಯ ಉರಿ ತಾಗುವ ಮುನ್ನ ಮುತ್ತು ಹವಳಗಳನ್ನು ನಿಮ್ಮ ಕಣ್ಣೆದುರೇ ಬಿಡಿಸಿಕೊಳ್ಳಿರಿ. ಚಿನ್ನದ ತೂಕದಲ್ಲಿ ಅವುಗಳನ್ನು ಹೇಗೂ ಕಳೆಯುತ್ತಾರೆ. ಕಳೆದುದನ್ನು ಎಣಿಸಿ, ಚೀಟಿ ಬರೆಸಿ, ಮನೆಗೆ ತನ್ನಿರಿ.