ನಿಂತ ನೋವು, ನಿಲ್ಲದ ರೋಗ

ಹಲ್ಲುನೋವು ನಿಂತರೆ ರೋಗವೂ ಹೋಯಿತೆಂಬುದು ನಮ್ಮಲ್ಲಿ ಬಹುಕಾಲದ ನಂಬಿಕೆ. ಅದು ಎಷ್ಟು ಅಪಾಯಕರವೆಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಹುಳುಕು ಹಲ್ಲು ಎನ್ನುತ್ತೇವೆ. ಆದರೆ ಅಲ್ಲಿ ಹುಳುವಿಲ್ಲ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸಿ ಕುಳಿ ತೋಡುತ್ತದೆ. ಒಳಗೆ ರಕ್ತನಾಳಗಳೂ ನರಗಳೂ ಇರುವ ಮೆದುವಾದ ತಿರುಳಿದೆ. ಸೋಂಕು ಅದನ್ನು ಮುಟ್ಟಿದಾಗ ಸಹಿಸಲಾಗದ ನೋವು. ಕ್ರಮೇಣ ತಿರುಳು ಸಾಯುತ್ತದೆ, ನೋವು ನಿಲ್ಲುತ್ತದೆ. ಸೋಂಕು ಮಾತ್ರ ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿದು ಕೀವು ಕಟ್ಟುತ್ತದೆ.

ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ನೋವನ್ನು ಮರೆಸೀತು, ರೋಗವನ್ನು ತೆಗೆಯದು. ಸತ್ತ ತಿರುಳಿನಲ್ಲಿ ರಕ್ತಸಂಚಾರವಿಲ್ಲದ ಕಾರಣ ನುಂಗಿದ ಮಾತ್ರೆಯೂ ಅಲ್ಲಿಗೆ ಮುಟ್ಟದು. ಕೀವು ಹೊರಹಾಕಿ, ಬೇರಿನ ನಾಳವನ್ನು ಶುಚಿಮಾಡಿ ತುಂಬಬೇಕು. ಇಲ್ಲವೆ ಹಲ್ಲು ಕೀಳಿಸಬೇಕು.

ವಸಡಿನ ರೋಗದಲ್ಲಿ ಅನೇಕ ವೇಳೆ ನೋವೇ ಇರುವುದಿಲ್ಲ. ಹಲ್ಲಿನ ಬುಡದ ಕೊಳೆ ಗಾರೆಯಂತೆ ಗಟ್ಟಿಯಾಗುತ್ತದೆ; ಉಜ್ಜುವಾಗ ರಕ್ತ ಕಾಣುವುದೇ ಮೊದಲ ಎಚ್ಚರಿಕೆ. ಆಗ ಉಜ್ಜುವುದನ್ನು ಬಿಡದೆ, ದಂತವೈದ್ಯರಿಂದ ಅದನ್ನು ತೆಗೆಸಿದರೆ ವಸಡು ಚೇತರಿಸಿಕೊಳ್ಳುತ್ತದೆ. ತಡಮಾಡಿದರೆ ಮೂಳೆ ಸವೆದು ಹಲ್ಲು ಅಲುಗಾಡುತ್ತದೆ.

ದವಡೆಯ ಕೆಳಗೆ ಊತ, ಜ್ವರ, ನುಂಗಲು ತೊಂದರೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. 1836ರಲ್ಲಿ ಜರ್ಮನ್ ವೈದ್ಯ ಲುಡ್ವಿಗ್ ವರ್ಣಿಸಿದ ಅಂತಹ ಊತವು ಉಸಿರನ್ನೇ ಕಟ್ಟಬಲ್ಲದು.

ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ನಾನು ಓದಿದ ಅರ್ಥಶಾಸ್ತ್ರದ ಸೂತ್ರಗಳಿಂದ ನನ್ನ ತಾಯಿಗೆ ಆಗಬೇಕಾದುದೇನೂ ಇಲ್ಲ. ಈ ಒಂದು ತಿಳುವಳಿಕೆ ಮಾತ್ರ ಬೇಕು. ರಜೆಯಲ್ಲಿ ಊರಿಗೆ ಹೋಗುವ ಮಿತ್ರರೂ ಇದನ್ನು ತಮ್ಮ ಮನೆಗಳಿಗೆ ಮುಟ್ಟಿಸಲಿ.