ಆಸ್ಪತ್ರೆಯ ಖರ್ಚಿನ ಲೆಕ್ಕ: ಒಂದೇ ನಮೂನೆ ಏಕೆ ಬೇಕು?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವವರು ಬಹಳ ಮಂದಿ. ಆದುದರಿಂದ ಆಸ್ಪತ್ರೆಯ ಲೆಕ್ಕದ ವಿಷಯವಾಗಿ ನಾಲ್ಕು ಮಾತು ಬರೆದರೆ ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ವರುಷದ ಉಳಿತಾಯ ವಾರದಲ್ಲಿ ಕರಗುವುದನ್ನು ನಾವೆಲ್ಲರೂ ಕಂಡವರೇ. ಆದರೆ ಆ ಚಿಕಿತ್ಸೆಗೆ ಆಸ್ಪತ್ರೆಗೆ ನಿಜವಾಗಿ ತಗಲಿದ ವೆಚ್ಚವೆಷ್ಟು? ಬಿಲ್ಲು ಅದನ್ನು ಹೇಳುವುದಿಲ್ಲ. ಬಿಲ್ಲಿನಲ್ಲಿರುವುದು ನಮ್ಮಿಂದ ಕೇಳುವ ಬೆಲೆ, ವೆಚ್ಚವೆಂಬುದು ಬೇರೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಎರಡು ಆಸ್ಪತ್ರೆಗಳಲ್ಲಿ 30 ಹಾಸಿಗೆಗಳ ಒಂದೊಂದು ವಾರ್ಡು ಇದೆ. 30 ದಿನಗಳ ತಿಂಗಳಿಗೆ ಎರಡರ ಖರ್ಚೂ 9 ಲಕ್ಷ ರೂಪಾಯಿ. ಮೊದಲನೆಯವರು ಎಲ್ಲ ಹಾಸಿಗೆಗಳನ್ನೂ ಎಣಿಸಿ, 900ರಿಂದ ಭಾಗಿಸಿ, ದಿನಕ್ಕೆ 1,000 ರೂಪಾಯಿ ಎಂದು ವರದಿ ಮಾಡುತ್ತಾರೆ. ಎರಡನೆಯವರು ರೋಗಿಗಳಿದ್ದ ಹಾಸಿಗೆಗಳನ್ನು ಮಾತ್ರ ಎಣಿಸಿ, 600ರಿಂದ ಭಾಗಿಸಿ, 1,500 ರೂಪಾಯಿ ಎನ್ನುತ್ತಾರೆ. ಮೊದಲನೆಯ ಕಡೆಯೂ ರೋಗಿಗಳಿದ್ದುದು 600ಕ್ಕೇ ಆಗಿದ್ದರೆ, ಎರಡು ವಾರ್ಡುಗಳಲ್ಲಿ ಏನೂ ವ್ಯತ್ಯಾಸವಿಲ್ಲ. ಆದರೂ ಕಾಗದದ ಮೇಲೆ ಒಂದು ಅಗ್ಗ, ಇನ್ನೊಂದು ದುಬಾರಿ!

ನಮ್ಮ ಗಿರಣಿಯಲ್ಲಿ ಗಣಕಯಂತ್ರದ ಹೊಸ ಲೆಕ್ಕಪದ್ಧತಿ ಬಂದಾಗ ಇಂಥದೇ ಫಜೀತಿಯಾಯಿತು. ಯಂತ್ರಗಳ ಎಣ್ಣೆಯನ್ನು ಒಂದು ವಿಭಾಗದವರು ದುರಸ್ತಿಯ ಬಾಬಿನಲ್ಲಿಯೂ ಇನ್ನೊಂದು ವಿಭಾಗದವರು ಸಾಮಗ್ರಿಯ ಬಾಬಿನಲ್ಲಿಯೂ ಬರೆಯುತ್ತಿದ್ದರು. ಗಣಕಯಂತ್ರ ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಒಂದು ವಿಭಾಗದ ದುರಸ್ತಿ ವಿಪರೀತವೆಂದು ಕಂಡು, ಪಾಪ, ಅಲ್ಲಿಯ ಮೇಸ್ತ್ರಿ ವಿನಾಕಾರಣ ಬೈಸಿಕೊಂಡ. ಬಾಬುಗಳು ಒಂದಾದ ಮೇಲೆ ಮಾತ್ರ ಯಂತ್ರದಿಂದ ಪ್ರಯೋಜನ.

ಈ ಕ್ರಮವನ್ನು ಅಮೆರಿಕದಲ್ಲಿ ಕಾಣಬಹುದು. ಅಲ್ಲಿ ಮುಖ್ಯವಾಗಿ ವೃದ್ಧರ ಚಿಕಿತ್ಸೆಗಾಗಿ 1965ರಲ್ಲಿ ಮೆಡಿಕೇರ್ ಎಂಬ ಸರಕಾರಿ ವಿಮೆಯ ಕಾನೂನಾಯಿತು. ಅದರಿಂದ ಹಣ ಪಡೆಯುವ ಆಸ್ಪತ್ರೆಗಳು ಪ್ರತಿವರ್ಷ ಗೊತ್ತಾದ ನಮೂನೆಯಲ್ಲಿ ವೆಚ್ಚದ ವರದಿ ಕೊಡಬೇಕು. ವರ್ಷ ಮುಗಿದು ಐದು ತಿಂಗಳೊಳಗೆ ಅದು ಸಲ್ಲಬೇಕು. ಎಲ್ಲ ವಾರ್ಡುಗಳಿಗೂ ಸೇರಿದ ಖರ್ಚನ್ನು ಹಂಚುವುದಕ್ಕೂ ಅಳತೆಗಳಿವೆ: ಬಟ್ಟೆ ಒಗೆಯುವ ಖರ್ಚನ್ನು ಬಟ್ಟೆಯ ತೂಕದಿಂದ, ಅಡಿಗೆಯದನ್ನು ಬಡಿಸಿದ ಊಟಗಳ ಸಂಖ್ಯೆಯಿಂದ, ಕಟ್ಟಡದ್ದನ್ನು ಚದರ ಅಡಿಯಿಂದ ಹಂಚುತ್ತಾರೆ. ನಾವು ಬಾಯ್ಲರಿನ ಖರ್ಚನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚುವುದಿಲ್ಲವೆ, ಹಾಗೆಯೇ. 1989ರ ಅಕ್ಟೋಬರ್ 1ರಿಂದ ಮುಂದೆ ಆರಂಭವಾದ ಲೆಕ್ಕದ ವರ್ಷಗಳಿಗೆ ಈ ವರದಿಯನ್ನು ಗಣಕಯಂತ್ರದ ಕಡತವಾಗಿಯೇ ಕೊಡಬೇಕೆಂದು ನಿಯಮವಾಯಿತು. ಮುಖ್ಯ ಅಂಕಿಗಳು ತಾಳೆಯಾಗದಿದ್ದರೆ ಕಡತ ಹಿಂದಕ್ಕೆ ಬರುತ್ತದೆ. ಕೂಡಿಸಿ ತಾಳೆ ನೋಡುವ ಕೆಲಸ ಯಂತ್ರದ್ದು. ಬರೆದ ಅಂಕಿ ನಿಜವೆ ಎಂದು ಕೇಳುವ ಕೆಲಸ ಇಂದಿಗೂ ಲೆಕ್ಕ ತನಿಖೆಯವರದು.

ನಮ್ಮ ದೇಶದಲ್ಲಿ ಈ ಪ್ರಶ್ನೆ 2018ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ ಯೋಜನೆ ಆರಂಭವಾದಾಗ ದೊಡ್ಡದಾಯಿತು. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆಯ ಚಿಕಿತ್ಸೆ ಅದರಲ್ಲಿದೆ. ಒಂದೊಂದು ಚಿಕಿತ್ಸೆಗೂ ಆಸ್ಪತ್ರೆಗೆ ಗೊತ್ತುಮಾಡಿದ ದರ ಸಲ್ಲುತ್ತದೆ. ದರ ನಿಜವಾದ ವೆಚ್ಚಕ್ಕಿಂತ ಕಡಿಮೆಯಾದರೆ ಆಸ್ಪತ್ರೆಯವರು ಹಾಸಿಗೆ ಖಾಲಿಯಿಲ್ಲವೆಂದು ರೋಗಿಯನ್ನು ತಿರುಗಿ ಕಳಿಸಬಹುದು, ಅಥವಾ ಹೊರಗಿನಿಂದ ಔಷಧಿ ತರಲು ಹೇಳಬಹುದು. ಹೆಚ್ಚಾದರೆ ಜನರ ತೆರಿಗೆಯ ಹಣ ಪೋಲು. ದರ ಸಾಲದೆಂದು ಖಾಸಗಿ ಆಸ್ಪತ್ರೆಗಳು ತಕರಾರು ಎತ್ತಿದವು. ಚಂಡೀಗಡದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ನೇತೃತ್ವದಲ್ಲಿ ಹಲವು ರಾಜ್ಯಗಳ ಆಸ್ಪತ್ರೆಗಳ ವೆಚ್ಚವನ್ನು ಒಂದೇ ಕ್ರಮದಲ್ಲಿ ಸಂಗ್ರಹಿಸಿದರು. ಆ ಅಂಕಿಗಳನ್ನು ದರಗಳ ಪರಿಷ್ಕರಣಕ್ಕೆ ಬಳಸಲಾಯಿತು. ಹೀಗೆ ಒಮ್ಮೊಮ್ಮೆ ಹೋಗಿ ಸಂಗ್ರಹಿಸುವುದು ಒಳ್ಳೆಯದೇ. ಪ್ರತಿವರ್ಷ ಎಲ್ಲ ಆಸ್ಪತ್ರೆಗಳಿಂದ ಒಂದೇ ನಮೂನೆಯಲ್ಲಿ ತಾನಾಗಿ ಬರುವಂತಾದರೆ ಇನ್ನೂ ಒಳ್ಳೆಯದು.

ಆಸ್ಪತ್ರೆಯ ಕಚೇರಿಯಲ್ಲಿ ದುಡಿಯುವ ಮಿತ್ರರೂ ನಮ್ಮಲ್ಲಿರಬಹುದು. ಯಾವ ಖರ್ಚನ್ನು ಯಾವ ಬಾಬಿಗೆ ಹಾಕಲಿ ಎಂಬ ಸಂಶಯ ಬಂದಾಗ, ‘ಇತರೆ’ ಎಂದು ಬರೆದು ಕೈತೊಳೆದುಕೊಳ್ಳಬೇಡಿರಿ, ವಿಚಾರಿಸಿ ಬರೆಯಿರಿ. ಉಳಿದ ನಾವು ಆಸ್ಪತ್ರೆ ಬಿಡುವಾಗ ವಿವರವಾದ ಬಿಲ್ಲನ್ನು ಕೇಳಿ ಪಡೆದು ಜೋಪಾನವಾಗಿಡೋಣ. ಇತರರ ಬಿಲ್ಲಿನ ಜತೆ ಬಾಬುಬಾಬಾಗಿ ಹೋಲಿಸಿ ನೋಡುವುದಕ್ಕೆ ಅದೇ ಆಧಾರ.