ಆಟದ ಪೀರಿಯಡ್ ಖಾಲಿ ಪೀರಿಯಡ್ ಅಲ್ಲ

ಆರು, ಏಳು, ಎಂಟನೇ ತರಗತಿಯ ಯಾವ ಮಗುವನ್ನಾದರೂ ಕೇಳಿ ನೋಡಿ, ವಾರದಲ್ಲಿ ಇಷ್ಟದ ಪೀರಿಯಡ್ ಯಾವುದು ಅಂತ. ಹತ್ತರಲ್ಲಿ ಎಂಟು ಮಕ್ಕಳು "ಆಟದ ಪೀರಿಯಡ್" ಅಂತಾರೆ. ಅದೇ ಮಕ್ಕಳನ್ನು ಮತ್ತೆ ಕೇಳಿ, ಕಳೆದ ವಾರ ಆ ಪೀರಿಯಡ್ ನಡೆಯಿತಾ ಅಂತ. ಆಗ ಉತ್ತರ ಬೇರೆ. "ಇಲ್ಲ, ಗಣಿತ ಬಾಕಿ ಇತ್ತು", "ಮಳೆ ಬಂತು", "ಪಿಟಿ ಮೇಷ್ಟ್ರು ಮೀಟಿಂಗಿಗೆ ಹೋಗಿದ್ರು", "ಪರೀಕ್ಷೆ ಹತ್ರ ಬಂತಲ್ವಾ". ವೇಳಾಪಟ್ಟಿಯಲ್ಲಿ ದೈಹಿಕ ಶಿಕ್ಷಣ ಎಂದು ಬರೆದಿರುತ್ತದೆ. ಪ್ರಗತಿ ಪತ್ರದಲ್ಲಿ ಅದಕ್ಕೊಂದು ಗ್ರೇಡ್ ಕೂಡ ಬರುತ್ತದೆ. ನಡುವೆ ಮಕ್ಕಳು ಓಡಿದ್ದೆಷ್ಟು, ಹಾರಿದ್ದೆಷ್ಟು ಎಂದು ಕೇಳುವವರು ಮಾತ್ರ ಇಲ್ಲ.

ಈ ವಾರ ನಾವು ಈ ವಿಷಯವನ್ನು ಕರಾವಳಿಯಿಂದ ದೂರದ ಸಾತನೂರನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇವೆ. ಬ್ಯಾರಿ ಪುಟದಲ್ಲಿ ಸಾತನೂರು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ಈ ಊರು ಒಂದು ಹೋಬಳಿ ಕೇಂದ್ರ. 2008ರ ಕ್ಷೇತ್ರ ಮರುವಿಂಗಡಣೆಯವರೆಗೆ ಅದೇ ಹೆಸರಿನ ವಿಧಾನಸಭಾ ಕ್ಷೇತ್ರವೂ ಇತ್ತು. ಜಿಲ್ಲೆ ಮೊನ್ನೆ ಮೊನ್ನೆಯವರೆಗೆ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಈ ಭಾಗದ ಮುಸ್ಲಿಮರ ಮನೆಮಾತು ಹೆಚ್ಚಾಗಿ ಉರ್ದು. ನಮ್ಮಲ್ಲಿ ಉಮ್ಮ ಎಂದರೆ ಅಲ್ಲಿ ಅಮ್ಮಿ, ಅಷ್ಟೇ ವ್ಯತ್ಯಾಸ. ನಮ್ಮ ಓದುಗರಲ್ಲಿ ಬಹಳ ಮಂದಿ ಸಾತನೂರಿನ ಹೆಸರು ಕೇಳಿದ್ದು 2023ರ ಏಪ್ರಿಲ್‌ನಲ್ಲಿ. ಜಾನುವಾರು ಸಾಗಾಟದ ವಾಹನವನ್ನು ತಡೆದ ರಾತ್ರಿಯ ಬಳಿಕ ಯುವಕನೊಬ್ಬನ ಶವ ಅಲ್ಲಿ ಸಿಕ್ಕಿದ ಸುದ್ದಿ ಅದು. ಆ ಸುದ್ದಿಯ ಆಚೆಗೆ ಅಲ್ಲಿ ದಿನಾ ಬೆಳಗ್ಗೆ ಒಂದೇ ಗೇಟಿನಿಂದ ಶಾಲೆಯೊಳಗೆ ಹೋಗುವ ಎಲ್ಲ ಜಾತಿ, ಧರ್ಮದ ಮಕ್ಕಳಿದ್ದಾರೆ. ಅವರ ಕಥೆ ಬಂಟ್ವಾಳದ, ಉಳ್ಳಾಲದ ಮಕ್ಕಳ ಕಥೆಗಿಂತ ಬೇರೆಯಲ್ಲ.

ಮಕ್ಕಳ ದಿನದಲ್ಲಿ ಆಟಕ್ಕೆ ಜಾಗ ಎಲ್ಲಿ?

ನಮ್ಮ ಕಡೆಯ ಮಗುವಿನ ದಿನ ಸುಬ್‌ಹಿ ಬಾಂಗಿನ ಹಿಂದೆಯೇ ಶುರು. ಮದ್ರಸ, ಅಲ್ಲಿಂದ ಓಡೋಡಿ ಮನೆ, ತಿಂಡಿ, ಶಾಲೆ, ಸಂಜೆ ಟ್ಯೂಷನ್. ಸಾತನೂರು ಕಡೆಯ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಮಸೀದಿಯಲ್ಲಿ ಅರಬಿ ಪಾಠ. ಮದ್ರಸವೂ ಬೇಕು, ಶಾಲೆಯೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಮಗು ಬೆವರುವಂತೆ ಓಡಲು ಉಳಿದ ಸಮಯ ಶಾಲೆಯ ಆ 40 ನಿಮಿಷ ಮಾತ್ರ. ಅದನ್ನೂ ಗಣಿತಕ್ಕೆ ಕೊಟ್ಟರೆ ಮಗುವಿಗೆ ಉಳಿಯುವುದು ಮೊಬೈಲ್.

ರೇಷ್ಮೆ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ನೂಲು ತೆಗೆಯುವ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳು ತಲೆಮಾರುಗಳಿಂದ ಇವೆ. ದೇಶದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಹೊರತಂದ ವರದಿಯಲ್ಲಿ ಕರ್ನಾಟಕದ ಹೆಸರೂ ಇತ್ತು. ಬಿಸಿ ನೀರಿನ ಬಾಣಲೆಯ ಮುಂದೆ ನಿಂತ ಮಕ್ಕಳ ಕೈಗಳ ಬಗ್ಗೆ ಆಗ ಬಹಳ ಚರ್ಚೆಯಾಯಿತು. ಬಡವರ ಮಗುವಿನ ಮೈ ದುಡಿಯಲಿಕ್ಕೆ ಮಾತ್ರ ಎಂದು ನಂಬಿದ್ದ ಕಾಲ ಅದು. ಅಂಥ ಮನೆಗಳ ಮಕ್ಕಳು ಇವತ್ತು ಶಾಲೆಗೆ ಬಂದಿದ್ದಾರೆ ಎನ್ನುವುದು ದೊಡ್ಡ ಸಂಗತಿ. ಆ ಮೈ ಆಡಲಿಕ್ಕೂ ಇದೆ ಎಂದು ಕಲಿಸುವ ಕೆಲಸ ಆಟದ ಪೀರಿಯಡ್‌ನದ್ದು.

ಈ ಪ್ರಾಯವೇ ಯಾಕೆ ಮುಖ್ಯ?

11ರಿಂದ 14ರ ಪ್ರಾಯದಲ್ಲಿ ಮಕ್ಕಳು ಕಣ್ಣೆದುರೇ ಉದ್ದ ಆಗುತ್ತಾರೆ. ಮೂಳೆ ಗಟ್ಟಿಯಾಗುವ ಕಾಲ ಇದು. ಓಡುವುದು, ಹಾರುವುದು, ಭಾರ ಎತ್ತುವುದು ಮೂಳೆಗೆ ಹಾಲು, ಮೊಟ್ಟೆಯಷ್ಟೇ ಅಗತ್ಯ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಮಾಡಬೇಕು, ವಾರದಲ್ಲಿ ಕನಿಷ್ಠ ಮೂರು ದಿನ ಸ್ನಾಯು, ಮೂಳೆ ಗಟ್ಟಿಯಾಗುವಂಥ ವ್ಯಾಯಾಮ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ಶೇ. 81 ಮಂದಿಗೆ ಇಷ್ಟು ಚಟುವಟಿಕೆ ಇಲ್ಲ. ಹುಡುಗರಲ್ಲಿ ಇದು ಶೇ. 78, ಹುಡುಗಿಯರಲ್ಲಿ ಶೇ. 85.

ಹುಡುಗಿಯರ ಈ ಲೆಕ್ಕ ನಮ್ಮ ಸಮುದಾಯಕ್ಕೆ ಹೊಸತಲ್ಲ. ಹುಡುಗ ಶಾಲೆ ಬಿಟ್ಟ ಮೇಲೂ ಗದ್ದೆಯಲ್ಲೋ, ರಸ್ತೆ ಬದಿಯಲ್ಲೋ ಕ್ರಿಕೆಟ್ ಆಡಿಯಾನು. ಹುಡುಗಿಗೆ ಆರನೇ ಕ್ಲಾಸು ದಾಟುವಾಗ "ಇನ್ನು ಸಾಕು, ದೊಡ್ಡವಳಾದಿ" ಎಂಬ ಮಾತು ಬರುತ್ತದೆ. ಅಲ್ಲಿಗೆ ಅವಳ ಓಟ ನಿಂತಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧದ ಹತ್ತಿರ ಮಂದಿಗೆ ರಕ್ತಹೀನತೆ ಕಂಡುಬಂದಿದೆ. ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುವ ಹುಡುಗಿಯನ್ನು ಮೊದಲು ಗಮನಿಸುವವರು ಹೆಚ್ಚಾಗಿ ಆಟದ ಮಾಸ್ತರರೇ. ಪೀರಿಯಡ್ ನಡೆಯದಿದ್ದರೆ ಅದೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾನೂನು ಏನು ಹೇಳುತ್ತದೆ?

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಓದಿದರೆ ವಿಷಯ ಸ್ಪಷ್ಟ. ಶಾಲೆಗೆ ಆಟದ ಮೈದಾನ ಇರಬೇಕು. ಪ್ರತಿ ತರಗತಿಗೂ ಅಗತ್ಯಕ್ಕೆ ತಕ್ಕಂತೆ ಆಟದ ಸಾಮಗ್ರಿ ಕೊಡಬೇಕು. 6ರಿಂದ 8ನೇ ತರಗತಿ ಇರುವ ಶಾಲೆಯಲ್ಲಿ ಮಕ್ಕಳು 100ಕ್ಕಿಂತ ಹೆಚ್ಚಿದ್ದರೆ ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವ ಈ ಮೂರಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು. ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಶಾಲೆಗಳಿಗೆ ಗ್ರೇಡ್-2 ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಇದೆ, 6ನೇ ತರಗತಿಯಿಂದ ಈ ವಿಷಯಕ್ಕೆ ಪಠ್ಯಪುಸ್ತಕವೂ ಇದೆ.

ಹುದ್ದೆ ಇರುವುದು ಬೇರೆ, ಮೇಷ್ಟ್ರು ಇರುವುದು ಬೇರೆ. ಸಣ್ಣ ಶಾಲೆಗಳಲ್ಲಿ ಕನ್ನಡದವರೋ ಸಮಾಜದವರೋ ಸೀಟಿ ಹಿಡಿದು ನಿಲ್ಲಬೇಕು. ಇದ್ದ ಪಿಟಿ ಮೇಷ್ಟ್ರಿಗೂ ಬಿಸಿಯೂಟದ ಲೆಕ್ಕ, ಪ್ರಾರ್ಥನೆಯ ಸಾಲು, ಧ್ವಜಾರೋಹಣದ ತಯಾರಿ, ಹತ್ತಾರು ಕೆಲಸ. ತಮ್ಮನ್ನು ಬೇರೆ ಶಿಕ್ಷಕರಂತೆಯೇ ಕಾಣಬೇಕು, ವೈದ್ಯನಾಥನ್ ವರದಿ ಜಾರಿ ಮಾಡಬೇಕು ಎಂದು ದೈಹಿಕ ಶಿಕ್ಷಣ ಶಿಕ್ಷಕರು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಮೇಷ್ಟ್ರಿಗೇ ಶಾಲೆಯಲ್ಲಿ ಎರಡನೇ ದರ್ಜೆಯ ಸ್ಥಾನವಾದರೆ ಅವರ ಪೀರಿಯಡ್‌ಗೆ ಮೊದಲ ದರ್ಜೆ ಎಲ್ಲಿಂದ ಬರಬೇಕು?

ಪೀರಿಯಡ್ ನಡೆದರೂ ಎಷ್ಟೋ ಕಡೆ ನಡೆಯುವುದು ಇಷ್ಟೇ: ಒಂದು ಬಾಲ್ ಹೊರಗೆ ಎಸೆಯುವುದು, ಗಟ್ಟಿ ಇರುವ ಹತ್ತು ಹುಡುಗರು ಆಡುವುದು, ಉಳಿದವರು ಮರದ ನೆರಳಲ್ಲಿ ಕೂರುವುದು. ಅದನ್ನು ಪಾಠ ಎನ್ನಲಾಗದು. ಐದಾರು ನಿಮಿಷ ಮೈ ಬಿಸಿ ಮಾಡಿಸಿ, ಹದಿನೈದು ನಿಮಿಷ ಒಂದು ಕೌಶಲ ಕಲಿಸಿ, ಇನ್ನು ಹದಿನೈದು ನಿಮಿಷ ಎಲ್ಲರನ್ನೂ ಆಡಿಸಿ, ಕೊನೆಗೆ ಉಸಿರು ತಹಬಂದಿಗೆ ತಂದು ಕಳಿಸಿದರೆ 40 ನಿಮಿಷ ಸಾರ್ಥಕ. ರಿಲೇಯಲ್ಲಿ ಕೋಲು ಬದಲಿಸುವುದು, ಉದ್ದ ಜಿಗಿತದಲ್ಲಿ ಹೆಜ್ಜೆ ಅಳೆಯುವುದು, ಬಿದ್ದಾಗ ಪೆಟ್ಟಾಗದಂತೆ ಉರುಳುವುದು, ಇವೆಲ್ಲ ಹೇಳಿಕೊಟ್ಟರೇ ಬರುವಂಥವು.

ಖರ್ಚಿಲ್ಲದ ಆಟ, ದೊಡ್ಡ ಫಲ

ಸಾತನೂರಿನಂಥ ಊರಿನ ಮಕ್ಕಳಿಗೆ ದೊಡ್ಡ ಮೆಟ್ಟಿಲು ಹೋಬಳಿ ಮಟ್ಟದ ಕ್ರೀಡಾಕೂಟ. ನಮ್ಮಲ್ಲಿ ವಲಯ ಮಟ್ಟ ಎನ್ನುವ ಹಾಗೆ. ಅಲ್ಲಿಂದ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ. ಕಬಡ್ಡಿ, ಖೋಖೋಗೆ ಬೂಟು, ಬ್ಯಾಟು ಬೇಡ. ಸುಣ್ಣದ ಗೆರೆ, ಎರಡು ಕಂಬ ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ನಮ್ಮ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಕಬಡ್ಡಿ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಇಬ್ಬರೂ ಹಳ್ಳಿಯವರು.

ಖೋಖೋದಲ್ಲಿ ಎಂಟು ಮಂದಿ ಸಾಲಾಗಿ ಕೂತಿರುತ್ತಾರೆ. ಅಟ್ಟುವವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ "ಖೋ" ಎನ್ನದೆ ಕೂತವಳು ಏಳುವಂತಿಲ್ಲ. ಬೆನ್ನು ಗೌಡರ ಮಗಳದ್ದಾ, ಸಾಬರ ಮಗಳದ್ದಾ, ದಲಿತರ ಮಗಳದ್ದಾ ಎಂದು ನೋಡುವ ವ್ಯವಧಾನ ಆ ಆಟದಲ್ಲಿ ಇಲ್ಲ. ಊರಿನಲ್ಲಿ ದೊಡ್ಡವರ ನಡುವೆ ಏನೇ ಇರಲಿ, ಹನ್ನೆರಡರ ಪ್ರಾಯದಲ್ಲಿ ಒಂದೇ ತಂಡದಲ್ಲಿ ಆಡಿ ಸೋತು ಗೆದ್ದವರು ಮೂವತ್ತರ ಪ್ರಾಯದಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ. ಈ ಪೀರಿಯಡ್ ಕಳಕೊಂಡರೆ ಊರು ಕಳಕೊಳ್ಳುವುದು ಇದನ್ನೂ.

ದೀನ್ ಅಡ್ಡಿ ಬರುತ್ತದೆಯೇ?

ಗಟ್ಟಿಮುಟ್ಟಾದ ವಿಶ್ವಾಸಿ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಅರ್ಥದ ಹದೀಸನ್ನು ನಾವು ಉಸ್ತಾದರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಪ್ರವಾದಿಯವರು(ಸ) ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯ ನಡೆಸಿದ್ದೂ, ಒಮ್ಮೆ ಅವರು, ಇನ್ನೊಮ್ಮೆ ಇವರು ಗೆದ್ದದ್ದೂ ಹದೀಸ್ ಗ್ರಂಥಗಳಲ್ಲಿದೆ. ಕೋಲ್ಕಲಿ ಆಡಿದವರಿಗೆ ಗೊತ್ತು, ಅದಕ್ಕೆ ಉಸಿರು, ತಾಳ, ಕಾಲಿನ ಬಲ ಎಷ್ಟು ಬೇಕೆಂದು. ಮೈ ದಂಡಿಸುವುದು ನಮ್ಮ ಸಂಸ್ಕೃತಿಗೆ ಹೊರಗಿನದ್ದಲ್ಲ.

ಹೆತ್ತವರ ಕೆಲವು ಆತಂಕಗಳು ನಿಜವಾದವು, ಅವಕ್ಕೆ ದಾರಿಯೂ ಇದೆ. ಹುಡುಗಿಯ ಉಡುಪಿನ ಚಿಂತೆಯಾದರೆ ಸಡಿಲ ಟ್ರ್ಯಾಕ್ ಪ್ಯಾಂಟ್, ಉದ್ದ ತೋಳಿನ ಅಂಗಿ ಸಾಕಾಗುತ್ತದೆ. ತಲೆವಸ್ತ್ರಕ್ಕೆ ಪಿನ್ನು ಚುಚ್ಚಬೇಡಿ, ಬಿದ್ದರೆ ಅಪಾಯ. ಎಲಾಸ್ಟಿಕ್ ಇರುವಂಥದ್ದು ಕೊಡಿ. ಫಿಫಾ 2014ರಲ್ಲಿ, ಬಾಸ್ಕೆಟ್‌ಬಾಲಿನ ಫಿಬಾ 2017ರಲ್ಲಿ ತಲೆವಸ್ತ್ರಕ್ಕೆ ಅವಕಾಶ ಕೊಟ್ಟಿವೆ. ಮುಟ್ಟಿನ ದಿನಗಳಲ್ಲಿ ಮಗಳು ಕೂರಬೇಕೆಂದರೆ ಕೂರಲಿ. ಆ ಮೂರು ದಿನಕ್ಕೆ ಇಡೀ ವರ್ಷದ ಆಟ ಬಿಡಿಸಬೇಡಿ. ಸೂರ್ಯ ನಮಸ್ಕಾರದ ಬಗ್ಗೆ ಆಕ್ಷೇಪವಿದ್ದರೆ ಮೇಷ್ಟ್ರ ಹತ್ತಿರ ಮರ್ಯಾದೆಯಿಂದ ಹೇಳಿ, ಅದೇ ಹೊತ್ತಿಗೆ ಬೇರೆ ವ್ಯಾಯಾಮ ಕೇಳಿ. ರಂಝಾನಿನಲ್ಲಿ ಉಪವಾಸ ಇರುವ ಮಗುವಿನ ವಿಷಯ ಮೇಷ್ಟ್ರಿಗೆ ಮೊದಲೇ ತಿಳಿಸಿ. ಬಿಸಿಲಲ್ಲಿ ಓಡಿಸುವ ಬದಲು ಅಂಕ ಬರೆಯುವ, ಸೀಟಿ ಊದುವ ಕೆಲಸ ಕೊಡಬಹುದು. ಆಟದ ನಿಯಮ ಕಲಿಯುವುದೂ ಪಾಠವೇ.

ನಿಜಾಮಾಬಾದಿನ ನಿಖತ್ ಝರೀನ್ 2022 ಮತ್ತು 2023ರಲ್ಲಿ ಬಾಕ್ಸಿಂಗಿನ ವಿಶ್ವ ಚಾಂಪಿಯನ್ ಆದರು. ಅವರ ಬೆನ್ನಿಗೆ ನಿಂತದ್ದು ಸ್ವತಃ ಆಟಗಾರರಾಗಿದ್ದ ತಂದೆ. ಎಲ್ಲರ ಮಗಳೂ ಚಾಂಪಿಯನ್ ಆಗಬೇಕಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬಾರದ ಹೆಣ್ಣಾಗಿ ಬೆಳೆದರೆ ಅದೇ ದೊಡ್ಡ ಪದಕ.

ಹೆತ್ತವರು ಮಾಡಬೇಕಾದ್ದು

ಸರಕಾರಿ ಶಾಲೆಯ ಎಸ್‌ಡಿಎಂಸಿ ಹೆತ್ತವರದ್ದೇ ಸಮಿತಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಕಟ್ಟಡ, ಬಿಸಿಯೂಟದ ಚರ್ಚೆ ಮುಗಿದ ಮೇಲೆ ಒಂದು ಪ್ರಶ್ನೆ ಎತ್ತಿ: "ಕಳೆದ ತಿಂಗಳು ಆಟದ ಪೀರಿಯಡ್ ಎಷ್ಟು ನಡೆಯಿತು ಸರ್? ಹುಡುಗಿಯರು ಎಷ್ಟು ಮಂದಿ ಆಡಿದರು?" ಉತ್ತರವನ್ನು ಸಭೆಯ ಪುಸ್ತಕದಲ್ಲಿ ಬರೆಸಿ. ಮೇಷ್ಟ್ರ ಹುದ್ದೆ ಖಾಲಿ ಇದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಸಮಿತಿಯ ಹೆಸರಲ್ಲಿ ಮನವಿ ಕೊಡಿ. ಜಮಾಅತ್‌ನವರು ಬಡ ಮಕ್ಕಳಿಗೆ ನೋಟ್‌ಬುಕ್ ಹಂಚುವಾಗ ಶಾಲೆಗೆ ಎರಡು ಹಗ್ಗ, ಒಂದು ವಾಲಿಬಾಲ್, ಒಂದು ನೆಟ್ ಕೊಟ್ಟರೆ ಭಾರವಾಗದು. ಅದರಲ್ಲಿ ಎಲ್ಲರ ಮಕ್ಕಳೂ ಆಡುತ್ತಾರೆ.

ಮನೆಯಲ್ಲಿ ಮಾಡಬೇಕಾದ್ದು ಇನ್ನೂ ಸುಲಭ. ಶಾಲೆಯಿಂದ ಬಂದ ಮಗುವನ್ನು ನಾವು "ಎಷ್ಟು ಮಾರ್ಕ್ ಬಂತು" ಎಂದು ಕೇಳುತ್ತೇವೆ. ಅದರ ಜೊತೆ "ಇವತ್ತು ಏನು ಆಡಿದಿ" ಎಂದೂ ಕೇಳೋಣ. ಮಗಳನ್ನು ಎರಡು ಸಲ ಕೇಳೋಣ.